ಅಂಗಳದ ಬಾಗಿಲು ತೆರೆದಿತ್ತು

ಮೇ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಪೇನಿನ ಕೋರ್ದೊಬಾ ನೋಡಲು ಬಂದವರು ಆರಾಮವಾಗಿ ಓಣಿ ಓಣಿ ಅಲೆಯುತ್ತಿದ್ದಾಗ ಎನ್‌ಕಾರ್ನಿ ಎಂಬಾಕೆ ಏದುಸಿರು ಬಿಡುತ್ತ ಠಾಣೆಗೆ ನುಗ್ಗಿದಳು.

"ಮೇಡಂ, ನಮ್ಮ ಮೂರು ಮನೆ ಅಂಗಳದ ಹೂವೆಲ್ಲ ಯಾರೋ ಕೊಂದ್‌ಹಾಕಿದಾರೆ! ಸೋಮವಾರ ಚೆಂದದ ಅಂಗಳದ ಸ್ಪರ್ಧೆ ತೀರ್ಪುಗಾರರು ಬರ್ತಾರೆ!"

ದೂರು ದಾಖಲಿಸಿ, ಇನ್‌ಸ್ಪೆಕ್ಟರ್ ಅರಾಸೆಲಿ ಕಾನ್‌ಸ್ಟೆಬಲ್ ಲೆಯಾಂದ್ರೊನೊಂದಿಗೆ ಹೊರಟಳು. ಅಂಗಳಕ್ಕೆ ಕಾಲಿಟ್ಟವಳೇ ಗರಬಡಿದಂತೆ ನಿಂತಳು. ಸೂರಿನವರೆಗೆ ಸುಣ್ಣದ ಗೋಡೆಗೆ ತೂಗುಹಾಕಿದ್ದ ನೀಲಿ ಕುಂಡಗಳಲ್ಲಿ ಒಂದು ಹೂವೂ ಉಳಿದಿರಲಿಲ್ಲ. ಬ್ಲೀಚಿನ ಘಾಟು ಮೂಗಿಗೆ ಹೊಡೆಯಿತು. ಹೋದ ವರ್ಷ ತೀರ್ಪುಗಾರರು ಬಂದ ದಿನ, ತಂಗಿಗೆ ಊರು ತೋರಿಸುತ್ತ, ಅವಳು ಇಲ್ಲೇ ಮೈಮರೆತು ನಿಂತಿದ್ದಳು.

"ಬಹುಮಾನ ತಪ್ಪಿದೋರ ಹೊಟ್ಟೆಕಿಚ್ಚು," ಎಂದ ಲೆಯಾಂದ್ರೊ, ಸ್ಥಳದ ವಿವರ ಬರೆದುಕೊಳ್ಳುತ್ತ.

"ಗೋಡೆ ನೋಡೋ. ಒಂದು ಹನಿ ಚೆಲ್ಲಿದ್ಯಾ?"

ಮೇಲಿನ ಕುಂಡಗಳಿಗೆ ನೀರುಣಿಸುವುದು ಉದ್ದನೆಯ ಗಳದ ತುದಿಗೆ ಕಟ್ಟಿದ ಡಬ್ಬಿಯಿಂದ. ಪಳಗದ ಕೈಯಾದರೆ ಅರ್ಧ ಗೋಡೆಗೇ ಹೋಗುತ್ತದೆ. ಅರಾಸೆಲಿ ಡಬ್ಬಿ ಮೂಸಿದಳು. ಅದೇ ಘಾಟು.

"ಇದ್ರಲ್ಲಿ ನೀರು ಹಾಕೋರು ಯಾರು?"

"ಅಮ್ಮ ಒಬ್ಳೇ. ನಮಗ್ಯಾರಿಗೂ ಬರಲ್ಲ..." ಎನ್ನುತ್ತಲೇ ಎನ್‌ಕಾರ್ನಿ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳ ತಾಯಿ, ಕಪ್ಪು ಬಟ್ಟೆಯ ಮುದುಕಿ ಆಂಗುಸ್ತಿಯಾಸ್, ಕೈಚೀಲ ಹಿಡಿದು, ಹೊರಡಲು ಸಿದ್ಧಳಾಗಿಯೇ ಮೆಟ್ಟಿಲಿಳಿದು ಬಂದಳು.

"ನಾನೇ ಹಾಕಿದ್ದು, ಮಗಾ."

"ನೀವೇ ಬೆಳೆಸಿದ ಗಿಡ, ಯಾಕಜ್ಜಿ?"

"ಇವಳನ್ನೇ ಕೇಳು. ಹೋದ್ವರ್ಷ ಇವಳಪ್ಪನ ಉಸಿರು ನಿಂತದ್ದು ಯಾವಾಗ, ಹೆಣ ಕೆಳಗಿಳಿಸಿದ್ದು ಯಾವಾಗ ಅಂತ."

ಎನ್‌ಕಾರ್ನಿ ತಲೆಯೆತ್ತಲಿಲ್ಲ. "ಬೆಳಿಗ್ಗೆ ಹೋದ್ರು. ಅವತ್ತೇ ತೀರ್ಪುಗಾರರು... ಮೂರು ಮನೆಯೋರ ವರ್ಷದ ದುಡಿಮೆ, ಮೇಡಂ. ರಾತ್ರಿ ಬಾಗಿಲು ಹಾಕಿದ್ಮೇಲೆ ಇಳಿಸಿದ್ವಿ."

"ಅಳೋಕೂ ಬಿಡ್ಲಿಲ್ಲ," ಎಂದಳು ಮುದುಕಿ. "ಸದ್ದು ಕೇಳುತ್ತೆ ಅಂತ ಕಿಟಕಿ ಮುಚ್ಚಿದ್ರು. ಕೆಳಗಡೆ ಜನ 'ಎಷ್ಟು ಚೆಂದ, ಎಷ್ಟು ಚೆಂದ' ಅಂತಿದ್ರು."

ಲೆಯಾಂದ್ರೊನ ಪೆನ್ನು ನಿಂತುಹೋಯಿತು. ಅರಾಸೆಲಿ ತಲೆಯೆತ್ತಿ ಮೇಲಿನ ಕಿಟಕಿ ನೋಡಿದಳು. ಆ ಮುಚ್ಚಿದ ಕಿಟಕಿಯ ಕೆಳಗೇ ಅವಳು ತಂಗಿಯೊಡನೆ ನಗುತ್ತ ಫೋಟೊ ತೆಗೆಸಿಕೊಂಡಿದ್ದಳು. ಚೆಂದ ಎಂದವರಲ್ಲಿ ಅವಳೂ ಒಬ್ಬಳು.

ಗಿಡಗಳಲ್ಲಿ ಮೂರು ಮನೆಯವರ ಪಾಲಿತ್ತು, ದೂರು ದಾಖಲಾಗಿತ್ತು, ಬಂಧಿಸದೆ ವಿಧಿಯಿರಲಿಲ್ಲ. ಅರಾಸೆಲಿ ಮುದುಕಿಯ ಕೈಗೆ ಬೇಡಿ ಹಾಕದೆ ತೋಳು ಹಿಡಿದು ಹೊರಗೆ ಕರೆತಂದಳು.

ಜನರಿಗೆ ಅಂಗಳ ತೆರೆಯುವ ಹೊತ್ತು, ಹನ್ನೊಂದಾಗಿತ್ತು. ಹೊರಗೆ ಸಾಲು ನಿಂತಿದ್ದವರಲ್ಲಿ ಒಬ್ಬಳು ಕ್ಯಾಮೆರಾ ಎತ್ತಿ ಕೇಳಿದಳು, "ಇವತ್ತು ನೋಡೋಕಿಲ್ವಾ?"

"ಇಲ್ಲಮ್ಮ. ಈ ಮನೇಲಿ ಸಾವಾಗಿದೆ," ಎಂದು ಅರಾಸೆಲಿ ಬಾಗಿಲೆಳೆದಳು.