ಮೂಗು ಕಟ್ಟಿದ ಮಾತು

ಬೀಗದವನಿಗೆ ನೆಗಡಿಯಾದರೆ ಹೊಲಿಗೆಯವಳಿಗೆ ಯಾಕೆ ಮೈ ಉರಿಯಬೇಕು? ಉರಿಯಿತು, ಏನು ಮಾಡೋಣ!

ಇಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಆ ಕಡೆ ಅವನು ಕೀ ಮಾಡಿಕೊಡುತ್ತಿದ್ದ, ಈ ಕಡೆ ಇವಳು ಪ್ಯಾಂಟು ಗಿಡ್ಡ ಮಾಡಿಕೊಡುತ್ತಿದ್ದಳು. ಅವನ ಬಾಯಿಂದ ಒಂದು ಮಾತು ಬರಲಿ ಅಂತ ಇವಳು ಎಷ್ಟೋ ಕಾಲದಿಂದ ಕಾದಿದ್ದಳು. ಆ ಪುಣ್ಯಾತ್ಮ "ಟೀ ಆಯ್ತಾ?" ಅನ್ನೋದು ಬಿಟ್ಟು ಮುಂದಕ್ಕೆ ಹೋದವನಲ್ಲ.

ಈಗ ಜ್ವರ, ಕೆಮ್ಮು ಅಂತ ಫೋನಿನಲ್ಲೇ ಡಾಕ್ಟರಮ್ಮನಿಗೆ ತೋರಿಸಿಕೊಳ್ಳತೊಡಗಿದ್ದ. ವಿಡಿಯೋ ಕಾಲ್‌ಗೆ ಮೊದಲು ತಲೆ ಬಾಚಿದ. ಇವಳೇ ಕಾಲರ್ ತಿರುಗಿಸಿ ಹೊಲಿದುಕೊಟ್ಟ ನೀಲಿ ಶರ್ಟ್ ಹಾಕಿಕೊಂಡ. ಕಾಯಿಲೆಯವರು ಯಾರಾದರೂ ತಲೆ ಬಾಚ್ತಾರಾ?

"ಈಗ ಮಾತಾಡಿ," ಅಂತು ಹಲಗೆಯಾಚೆ ಒಂದು ಇಂಪಾದ ದನಿ.

"ದಿಬ್ಬ ಬದಸ್ಸು ದದಗೆ ಬೇಕು," ಅಂದ ಬೀಗದವ.

ಡಾಕ್ಟರಮ್ಮ ಕಿಲಕಿಲ ನಕ್ಕಳು. "ಇನ್ನೂ ಸರಿಯಾಗಿ ಬರ್ತಿಲ್ಲ. ಹಬೆ ತಗೊಳ್ಳಿ. ನಾಡಿದ್ದು ಮತ್ತೆ ಹೇಳಿ."

ಹೊಲಿಗೆಯವಳು ಮೆಷಿನ್ ನಿಲ್ಲಿಸಿದಳು. ದಿಬ್ಬ? ಬದಸ್ಸು? ಮೂಗು ಕಟ್ಟಿದ ಆ ಮಾತನ್ನು ಒಂದೊಂದೇ ಅಕ್ಷರ ಬಿಡಿಸಿದಳು. ನಿಮ್ಮ ಮನಸ್ಸು ನನಗೆ ಬೇಕು! ಔಷಧಿ ಕೇಳೋದು ಬಿಟ್ಟು ಮನಸ್ಸು ಕೇಳ್ತಾನೆ, ಮಹಾರಾಯ! ಹೊಟ್ಟೆಕಿಚ್ಚಿನಲ್ಲಿ ಅವತ್ತು ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದಳು.

ನಾಡಿದ್ದು ಅನ್ನೋದೂ ಬಂತು. ಬೀಗದವ ಹಲಗೆ ಬಡಿದ. "ಸ್ವಲ್ಪ ಬರ್ತೀರಾ? ಗಂಟಲಿಗೆ ಟಾರ್ಚ್ ಹಿಡೀಬೇಕಂತೆ."

"ಯಾಕೆ, ಡಾಕ್ಟರಮ್ಮನ ಕಣ್ಣಿನ ಬೆಳಕು ಸಾಲದಾ?"

ಆದರೂ ಎದ್ದು ಹೋದಳು. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ? ಅಲ್ಲದೆ, ಆ ಡಾಕ್ಟರಮ್ಮ ಹೇಗಿದ್ದಾಳೆ ಅಂತ ನೋಡಬೇಕಿತ್ತು.

ಚೆಂದವೇ ಇದ್ದಳು, ಹಾಳಾದವಳು. ಕೆನ್ನೆಯಲ್ಲಿ ಗುಳಿ ಬೇರೆ.

ಟಾರ್ಚ್ ಹಿಡಿದಾಗ ಅವನು "ಆ" ಅಂದ. ಕಣ್ಣು ಮಾತ್ರ ಸ್ಕ್ರೀನ್ ಬಿಟ್ಟು ಇವಳ ಮುಖದಲ್ಲೇ ನಿಂತಿತ್ತು. "ಅಲ್ಲಿ ನೋಡಿ," ಅಂತ ಗದರಿದಳು. ಅವನು ಇವಳ ಮುಖಕ್ಕೇ ಸೀನಿಬಿಟ್ಟ.

"ಗಂಟಲು ಪರವಾಗಿಲ್ಲ," ಅಂದಳು ಡಾಕ್ಟರಮ್ಮ. "ಈಗ ಮೂಗು. ಹೇಳಿ ನಿಮ್ಮ ಮಾಮೂಲಿ ಮಾತು."

ಅವನು ಕಿವಿಯವರೆಗೂ ಕೆಂಪಾದ.

"ಹೇಳಿ ಸ್ವಾಮಿ," ಅಂದಳು ಹೊಲಿಗೆಯವಳು. "ಅವರ ಮನಸ್ಸು ಬೇಕು ತಾನೆ? ನಾನು ಅಡ್ಡ ಬರಲ್ಲ."

"ಅಯ್ಯೋ, ನನ್ನದಾ!" ಡಾಕ್ಟರಮ್ಮ ಬೆಚ್ಚಿದಳು. "ಮೂಗು ಕಟ್ಟಿದ್ಯಾ ನೋಡೋಕೆ ಮ, ನ ಇರೋ ಮಾತು ಹೇಳಿ ಅಂದೆ. ಅವರು ಇದನ್ನೇ ಹಿಡ್ಕೊಂಡ್ರು. ಮೂಗು ಬಿಟ್ಟ ತಕ್ಷಣ ಯಾರಿಗೋ ಹೇಳ್ಬೇಕಂತೆ!"

ಕಾಲ್ ಮುಗಿಯಿತು.

"ಯಾರಿಗೆ?" ಟಾರ್ಚನ್ನು ಅವನ ಮುಖಕ್ಕೇ ಹಿಡಿದಳು.

"ಬೂಗು ಇದ್ದೂ ಸ್ವಲ್ಪ ಕಟ್ಟಿದೆ," ಅಂದ.

"ಹಾಗಾದರೆ ಪೂರ್ತಿ ಬಿಟ್ಟ ಮೇಲೇ ಹೇಳಿ!" ಅಂತ ಎದ್ದು ಬಂದಳು. ರಾತ್ರಿಯೆಲ್ಲ ನಿದ್ದೆಯಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ಇವಳ ಬಾಗಿಲಿಗೆ ಬಂದು ನಿಂತ. ನೀಲಿ ಶರ್ಟ್, ಬಾಚಿದ ತಲೆ.

"ನಿಮ್ಮ ಮನಸ್ಸು ನನಗೆ ಬೇಕು."

ಒಂದಕ್ಷರವೂ ತಪ್ಪಲಿಲ್ಲ. ಇವಳು ಉತ್ತರಕ್ಕೆ ಬಾಯಿ ತೆರೆದಳು, ಬಂದದ್ದು ಸೀನು.

"ಅಯ್ಯೋ, ನನ್ನದೇ ನೆಗಡಿ! ಡಾಕ್ಟರಮ್ಮನಿಗೆ ಫೋನ್ ಮಾಡ್ಲಾ?"

"ಬೇಡ! ದಾದೇ ಬಾಡ್ತೀದಿ!"

ಅವನು ನಗು ತಡೆದುಕೊಂಡ. "ಸರಿ, ನೀವೇ ಮಾಡಿ. ಮತ್ತೆ ನನ್ನ ಮಾತಿಗೆ?"

ತಲೆ ತಗ್ಗಿಸಿ, ಸೂಜಿಗೆ ದಾರ ಹಾಕುತ್ತಾ ಅಂದಳು: "ದದಗೂ ದಿಬ್ಬದು ಬೇಕು."

"ಇನ್ನೂ ಸರಿಯಾಗಿ ಬರ್ತಿಲ್ಲ," ಅಂದ ಅವನು, ಒಳಗೆ ಬಂದು ಸ್ಟೂಲ್ ಎಳೆದುಕೊಳ್ಳುತ್ತಾ. "ನಾಳೆ ಮತ್ತೆ ಹೇಳಿ. ನಾಡಿದ್ದೂ."