ಕೊಳದ ಮೀನು ಕದ್ದವಳು

ನಮ್ಮನೆ ಕೊಳದ ಮೀನು ಕದಿಯುತ್ತಿದ್ದವಳು ನಾನೇ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಪಂಜ್ ನದಿಯಂಚಿನ ನಮ್ಮೂರಲ್ಲಿ ಆ ಬೇಸಿಗೆ ಮಲೇರಿಯಾ ಜೋರು. ಸೊಳ್ಳೆಮರಿ ತಿನ್ನುವ ಪುಟ್ಟ ಮೀನುಗಳನ್ನು ಮನೆಮನೆಯ ಕೊಳಕ್ಕೆ ಬಿಡಲು ಆಸ್ಪತ್ರೆಯಿಂದ ಇಕ್ರೋಮ್ ಬರುತ್ತಿದ್ದ. ನೀರು ಚೊಕ್ಕಟವಿದ್ದ ಮನೆಗೆ ತಿಂಗಳಿಗೊಮ್ಮೆ, ಮರಿ ಸಿಕ್ಕ ಮನೆಗೆ ವಾರವಾರವೂ.

ಅವನನ್ನು ನೋಡಲು ತಿಂಗಳು ಕಾಯುವುದು ನನ್ನಿಂದಾಗಲಿಲ್ಲ. ಅವನು ಬಿಟ್ಟುಹೋದ ಮೀನುಗಳನ್ನು ಮರುದಿನವೇ ಜರಡಿಯಲ್ಲಿ ಹಿಡಿದು, ಹಿತ್ತಲಿನ ತೊಟ್ಟಿಗೆ ಹಾಕಿ ಮುಚ್ಚಿಡುತ್ತಿದ್ದೆ.

“ಮತ್ತೆ ಮರಿ,” ಅವನು ಕೊಳದಿಂದ ಸೌಟಿನಲ್ಲಿ ಮೊಗೆದ ನೀರು ನೋಡಿ ತಲೆ ಕೆರೆದುಕೊಳ್ಳುತ್ತಿದ್ದ. “ನಿಮ್ಮನೆ ಮೀನಿಗೆ ಹಸಿವೇ ಆಗಲ್ವಾ, ಸಬೋಹತ್?”

“ನೀವು ಎದುರಿಗಿದ್ರೆ ಮಾತ್ರ ತಿನ್ನುತ್ವೇನೋ, ಇಕ್ರೋಮ್ ಅಕಾ. ಕೂತ್ಕೊಳಿ, ಚಹಾ ತರ್ತೀನಿ.”

ನಮ್ಮಲ್ಲಿ ಬಟ್ಟಲು ತುಂಬ ಸುರಿದರೆ ಕುಡಿದು ಹೊರಡಿ ಎಂದರ್ಥ. ನಾನು ಅರ್ಧವೇ ಸುರಿಯುತ್ತಿದ್ದೆ. ಬಟ್ಟಲು ಇಸಿದುಕೊಳ್ಳುವಾಗ ಒಮ್ಮೆ ನನ್ನ ಮುಖ ನೋಡಿ, ಕಿವಿ ಕೆಂಪಾಗಿಸಿಕೊಂಡು ಅವನು ಕೊಳದ ಕಡೆ ತಿರುಗುತ್ತಿದ್ದ. ಮುಸ್ಸಂಜೆಗೆ ಸೊಳ್ಳೆ ಗುಂಯ್‌ಗುಡುವವರೆಗೂ ಕೂರುತ್ತಿದ್ದ.

ಐದನೆಯ ವಾರ ಅವನ ಬದಲು ಅವನ ಮೇಲಧಿಕಾರಿ ಡಾಕ್ಟರಮ್ಮ ಬಂದರು.

“ಇಕ್ರೋಮ್‌ಗೆ ಮಲೇರಿಯಾ. ವಾಸಿಯಾದ್ಮೇಲೂ ಕೆಲಸ ಇರಲ್ಲ ಬಿಡಿ. ಇಲ್ಲಿ ವಾರವಾರ ಮರಿ ಸಿಗ್ತಿದೆ ಅಂದ್ರೆ, ಮೀನು ಬಿಡದೇನೇ ಬಿಟ್ಟೆ ಅಂತ ಲೆಕ್ಕ ಬರೆದಿದ್ದಾನೆ.”

ಅವರು ಬಾಗಿಲು ದಾಟುವವರೆಗೂ ಸುಮ್ಮನೆ ನಿಂತಿದ್ದೆ. ಇವತ್ತಿಗೂ ಚುಚ್ಚುವುದು ಆ ಸುಮ್ಮನಿದ್ದದ್ದೇ. ಆಮೇಲೆ ಓಡಿಹೋಗಿ ಅವರ ತೋಳು ಹಿಡಿದೆ, ತೊಟ್ಟಿಯ ಮುಚ್ಚಳ ತೆಗೆದು ತೋರಿಸಿದೆ.

ಮರುದಿನ ಆಸ್ಪತ್ರೆಯಲ್ಲಿ ಅವನಿಗೂ ಎಲ್ಲ ಹೇಳಿದೆ. ಎರಡು ರಗ್ಗು ಹೊದ್ದರೂ ನಡುಗುತ್ತಿದ್ದ.

“ಒಂದ್ ಮಾತು ಹೇಳಿದ್ರೆ ದಿನಾ ಬರ್ತಿದ್ದೆ,” ಎಂದು ಗೋಡೆ ಕಡೆ ತಿರುಗಿದ. “ಸೊಳ್ಳೆ ನನ್ನೊಬ್ಬನ್ನೇ ಕಚ್ಚುತ್ತಾ? ಬೀದಿಯವರಿಗೆಲ್ಲ ಹೇಳಿ. ರಕ್ತ ಪರೀಕ್ಷೆ ಮಾಡಿಸ್ಕೊಳ್ಳಲಿ.”

ಮೀನುಗಳನ್ನು ಕೊಳಕ್ಕೆ ಬಿಟ್ಟು ಹನ್ನೊಂದು ಮನೆಯ ಬಾಗಿಲು ತಟ್ಟಿದೆ. ಹನ್ನೊಂದು ಕಡೆಯೂ ಕಾರಣ ಹೇಳಿದೆ. ಕೆಲವರು ನಕ್ಕರು, ಒಬ್ಬಾಕೆ ಮುಖಕ್ಕೇ ಬಾಗಿಲು ಹಾಕಿದಳು. ಇಬ್ಬರ ರಕ್ತದಲ್ಲಿ ಮಲೇರಿಯಾ ಸಿಕ್ಕಿತು, ಔಷಧಿಯಿಂದ ಉಳಿದರು.

ತಿಂಗಳಾದ ಮೇಲೆ ಇಕ್ರೋಮ್ ಸೌಟು ಹಿಡಿದು ಬಂದ. ಸೊರಗಿದ್ದ, ಆದರೆ ಕೆಲಸ ಉಳಿದಿತ್ತು. ನೀರಿನಲ್ಲಿ ಒಂದು ಮರಿಯೂ ಇರಲಿಲ್ಲ.

“ಚೊಕ್ಕಟವಾಗಿದೆ. ಇನ್ನು ತಿಂಗಳಿಗೊಂದ್ಸಲ ಬಂದ್ರೆ ಸಾಕು.”

ತಲೆಯೆತ್ತಿ ನೋಡಲು ನನಗೆ ಮುಖವಿರಲಿಲ್ಲ. ಬಟ್ಟಲು ತುಂಬ ಚಹಾ ಸುರಿದು ಅವನ ಮುಂದಿಟ್ಟೆ.

ಅವನು ತುಂಬಿದ ಬಟ್ಟಲು ನೋಡಿದ. ಆಮೇಲೆ ಅರ್ಧ ಚಹಾ ಕೆಟಲ್‌ಗೆ ವಾಪಸ್ ಸುರಿದು, ಗೋಡೆಗೊರಗಿದ.

“ತಿಂಗಳಿಗೊಂದ್ಸಲ ಅನ್ನೋದು ಕೊಳದ ಲೆಕ್ಕ,” ಎಂದ. “ಚಹಾಕ್ಕೆ ನಾಳೇನೂ ಬರ್ತೀನಿ.”