ಹಾಡು ನಿಲ್ಲಿಸಿದ ಪಾಚಿ

ಬಹಳ ಹಿಂದೆ, ಮಂತ್ರಕ್ಕೆ ಬೆಟ್ಟಗಳೂ ಹೆದರುತ್ತಿದ್ದ ಕಾಲದಲ್ಲಿ, ನೀಲಗೊಳ ಎಂಬ ರಾಜ್ಯವಿತ್ತು. ಅಲ್ಲಿನ ಪಾಚಿ ಬಿಸಿಲು ತಾಗಿದರೆ ಹಾಡುತ್ತಿತ್ತು. ಹಾಡು ಅಷ್ಟೇನೂ ಚೆನ್ನಾಗಿರಲಿಲ್ಲ. ಒಮ್ಮೆ ರಾಜ ಕೆರೆಯ ಮೆಟ್ಟಿಲ ಮೇಲೆ ಜಾರಿಬಿದ್ದ. ಪಾಚಿಯೆಂದರೆ ಕೊಳಕು ಎಂದು ಅಂದೇ ಇಡೀ ರಾಜ್ಯ ಒಪ್ಪಿಕೊಂಡಿತು.

ಆಗ ಬಂದವನು ಮಾಂತ್ರಿಕ ತಾಮ್ರಾಕ್ಷ. ಕೆರೆಯ ಮೇಲಿನ ಬೆಟ್ಟದ ಗುಹೆಯಲ್ಲಿ ತಾಮ್ರದ ಕುಲುಮೆ ಹೂಡಿ, ಬಾಗಿಲಿಗೆ ಬೆಂಕಿಯುಗುಳುವ ಕಂಚಿನ ಹುಲಿಯನ್ನು ನಿಲ್ಲಿಸಿದ. ಸ್ವಲ್ಪ ದಿನದಲ್ಲೇ ಕೆರೆಯ ಪಾಚಿಯೆಲ್ಲ ಸತ್ತು, ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾಯಿತು. ಎಲ್ಲ ತನ್ನ ಮಂತ್ರ ಎಂದ ತಾಮ್ರಾಕ್ಷ. ರಾಜ ಶಾಲು ಹೊದಿಸಿದ.

ರಾಜಕುಮಾರಿ ಚಂಪಕೆ ಒಪ್ಪಲಿಲ್ಲ. ಆ ತಿಳಿನೀರಿನಲ್ಲಿ ಮೀನಿರಲಿಲ್ಲ, ಕಪ್ಪೆಯೂ ಇರಲಿಲ್ಲ. ಅಷ್ಟರಲ್ಲಿ ಅವಳ ಹಸುಳೆ ತಮ್ಮನಿಗೆ ಕೆರೆಯ ಮೊದಲ ಗುಟುಕು ಕುಡಿಸುವ ಶಾಸ್ತ್ರದ ದಿನ ಬಂತು. ಕೆರೆಯ ದಡದಲ್ಲಿ ಸಭೆ ನೆರೆದು, ತಾಮ್ರಾಕ್ಷನ ಎದುರಲ್ಲಿ ರಾಜ ಕೆರೆನೀರಿನಿಂದ ಬೆಳ್ಳಿ ಬಟ್ಟಲು ತುಂಬಿಸಿದಾಗ ಅವಳು ಅಡ್ಡ ನಿಂತಳು. ಕೈಯಲ್ಲೊಂದು ಕುಡಿಕೆ, ಅದರೊಳಗೆ ಅರಮನೆ ಬಾವಿಯ ಪಾಚಿ, ಗುಂಯ್ ಎನ್ನುತ್ತಿತ್ತು.

"ಅಪ್ಪಾಜಿ, ಮೊದಲು ಇದು ಕುಡಿಯಲಿ."

ಬಟ್ಟಲಿಗೆ ಒಂದು ಚೂರು ಹಾಕಿದಳು. ಹಾಡು ನಿಂತಿತು.

"ಮೋಡ ಬಂದಿದೆ," ಎಂದ ತಾಮ್ರಾಕ್ಷ.

ಮೋಡ ಸರಿಯುವ ತನಕ ಕಾದು ಎರಡನೆಯ ಚೂರು ಹಾಕಿದಳು. ಅದೂ ಮೂಕವಾಯಿತು.

"ಬಾವಿಯ ಪಾಚಿಗೆ ಹೊಸ ನೀರು ಒಗ್ಗಿಲ್ಲ, ಮಗು."

"ನಿಮ್ಮ ಕಮಂಡಲದ್ದೂ ಅದಕ್ಕೆ ಹೊಸ ನೀರೇ ಅಲ್ಲವೇ, ಸ್ವಾಮಿ?"

ಅವನು ತಡೆಯುವ ಮೊದಲೇ ಕಮಂಡಲ ಕಿತ್ತುಕೊಂಡು ಮೂರನೆಯ ಚೂರು ಹಾಕಿದಳು. ಪಾಚಿ ಗಂಟಲು ಬಿಚ್ಚಿ ಹಾಡಿತು.

ರಾಜ ಕಮಂಡಲ ನೋಡಿದ, ಬಟ್ಟಲು ನೋಡಿದ. "ನೀವು ನಮ್ಮ ಕೆರೆಯ ನೀರು ಕುಡಿಯುವುದಿಲ್ಲವೇ?"

ತಾಮ್ರಾಕ್ಷ ಚಂಪಕೆಯತ್ತ ಬೆರಳು ಚಾಚಿದ. "ಇವಳನ್ನು ಕಪ್ಪೆ ಮಾಡುತ್ತೇನೆ," ಎಂದ.

"ಮಾಡಿ. ಈ ಕೆರೆಯಲ್ಲಿ ಕಪ್ಪೆ ಬದುಕದಂತೆ ಮಾಡಿದವರೂ ನೀವೇ."

ಆದರೆ ಮಂತ್ರಕ್ಕೆ ಮೊದಲು ಆಚಮನವಾಗಬೇಕು, ಬಾಯಿಗೆ ನೀರು ಬೀಳಬೇಕು. ಕಮಂಡಲ ಚಂಪಕೆಯ ಕೈಯಲ್ಲಿತ್ತು. ಅವಳು ಬಟ್ಟಲು ಚಾಚಿದಳು.

"ಕೆರೆಯದು. ತುಂಬಾ ತಿಳಿಯಾಗಿದೆ."

ಅವನು ಬಟ್ಟಲನ್ನು ನೋಡುತ್ತಲೇ ನಿಂತ. ಸಭೆ ಅವನನ್ನು ನೋಡುತ್ತ ನಿಂತಿತು. ಕೊನೆಗೆ ಬೆಟ್ಟ ಹತ್ತಿ ಓಡಿದವನು ಮತ್ತೆ ಕಾಣಲಿಲ್ಲ.

ಕೆರೆಗೆ ತಾಮ್ರದ ವಿಷ ಇಳಿಸುತ್ತಿದ್ದ ಕುಲುಮೆಯನ್ನು ಆರಿಸಿದರು. ಒಡೆಯನಿಲ್ಲದ ಕಂಚಿನ ಹುಲಿ ತಣ್ಣಗಾಯಿತು. ಮಕ್ಕಳು ಅದರ ಬೆನ್ನೇರಿ ಆಡಿದರು. ಮಳೆಗಾಲಗಳು ಬಂದುಹೋದವು. ಒಂದು ಬೆಳಗ್ಗೆ ಹಸಿರಾದ ಕೆರೆ ಮೊದಲಿನಂತೆಯೇ ಅಪಸ್ವರದಲ್ಲಿ ಹಾಡಿತು. ಅಂದು ಚಂಪಕೆಯ ತಮ್ಮ ಮೊದಲ ಗುಟುಕು ಕುಡಿದ.

ಆಮೇಲೆ ಎಲ್ಲರೂ ನೆಮ್ಮದಿಯಿಂದಿದ್ದರು. ರಾಜ ಆಗಾಗ ಜಾರಿಬೀಳುತ್ತಿದ್ದ. ಮೆಟ್ಟಿಲು ಉಜ್ಜಿ ಎಂದು ಮಾತ್ರ ಹೇಳಲಿಲ್ಲ.